ಮೈ ಇಳಿದವನ ಅಂಗಿ

ಕಳೆದ ಸೋಮವಾರ ಒಂದು ಜಾಹೀರಾತು ಕೊಡಲೆಂದು ನಮ್ಮ ಕಾರ್ಯಾಲಯಕ್ಕೆ ಬಂದ ಗೃಹಸ್ಥರೊಬ್ಬರನ್ನು ನಾವು ಒಮ್ಮೆಗೆ ಗುರುತು ಹಿಡಿಯಲಿಲ್ಲ. ಫೋರ್ಟಿನ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಗುಮಾಸ್ತರಾಗಿರುವ ಅವರನ್ನು, ನಾವು ಹೋಟೆಲಿನ ಗಲ್ಲೆಯಲ್ಲಿ ಕುಳಿತಿದ್ದ ಕಾಲದಿಂದಲೂ ಬಲ್ಲೆವು. ಎರಡು ಪ್ಲೇಟು ಇಡ್ಲಿ, ಅದರ ಮೇಲೊಂದು ಮಸಾಲೆ ದೋಸೆ, ಕೊನೆಗೆ ಸಕ್ಕರೆ ಹೆಚ್ಚಿಗೆ ಹಾಕಿದ ಕಾಫಿ, ಇದು ಅವರ ಬೆಳಗಿನ ನಿತ್ಯವಿಧಿಯಾಗಿತ್ತು. ಅಂಥವರು ಈಗ ನಮ್ಮೆದುರಿಗೆ ನಿಂತಾಗ, ಗೂಟಕ್ಕೆ ತೂಗುಹಾಕಿದ ಅಂಗಿಯೇ ನಡೆದು ಬಂದಂತೆ ಕಂಡಿತು. ಕೊರಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಎಡೆ. ಪ್ಯಾಂಟಿನ ನಡುವು ಗೋಣಿಚೀಲದ ಬಾಯಿಯಂತೆ ನೆರಿಗೆ ನೆರಿಗೆಯಾಗಿ ಬೆಲ್ಟಿನೊಳಗೆ ಕೂಡಿತ್ತು. ಆ ಬೆಲ್ಟಿಗೆ ಮೊಳೆಯಿಂದ ಹೊಡೆದ ಮೂರು ಹೊಸ ತೂತುಗಳು.

"ಏನು ರಾಯರೆ, ಮೈಯಲ್ಲಿ ಸ್ವಸ್ಥವಿಲ್ಲವೆ?" ಎಂದು ಕೇಳಿಬಿಟ್ಟೆವು. ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆವು.

"ನೀವೂ ಅದನ್ನೇ ಕೇಳಿದಿರಲ್ಲ ಶೇಟ್ರೆ!" ಎಂದು ಅವರು ನಕ್ಕರು. "ತೂಕ ಇಳಿಸಿ ಎಂದು ಡಾಕ್ಟರು ಹೇಳಿದರು, ಇಳಿಸಿದೆ. ೮೮ ಕಿಲೋ ಇದ್ದವನು ೭೧ಕ್ಕೆ ಬಂದಿದ್ದೇನೆ. ನಾಲ್ಕು ಮಹಡಿ ಹತ್ತಿದರೂ ಏದುಸಿರಿಲ್ಲ. ಆದರೆ ಇಡೀ ಆಫೀಸಿಗೆ ನಾನೀಗ ರೋಗಿ. ಹಗುರಾದ ಕೆಲಸ ಬೇಕಾದರೆ ಹೇಳಿ ಎಂದು ಮ್ಯಾನೇಜರು ಕರೆದು ಕೇಳಿದರು. ಸಂಬಳ ಏರಿಸುವ ತಿಂಗಳಲ್ಲಿ ಇಂಥ ಮಾತು ಕೇಳಿದರೆ ಹೇಗಾಗಬೇಡ?"

ಹೊಸ ಬಟ್ಟೆ ಏಕೆ ಹೊಲಿಸಲಿಲ್ಲವೆಂದು ಕೇಳಿದೆವು. ತೂಕ ಮರಳಿ ಏರಿದರೆ ದುಡ್ಡು ದಂಡವೆಂದು ಮನೆಯವರು ಹೇಳುತ್ತಾರಂತೆ. ಇದ್ದುದನ್ನು ಸಣ್ಣದು ಮಾಡಿಸಬಹುದಲ್ಲ ಎಂದರೆ, ಅದು ಸಾಧ್ಯವೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಓದುಗ ಮಹಾಶಯರು ಇದನ್ನು ಒಬ್ಬರ ಮನೆಯ ಸಣ್ಣ ಮಾತೆಂದು ತಳ್ಳಿಹಾಕಬಾರದು. ಮೂರು ವರ್ಷಗಳ ಹಿಂದೆ ನಮ್ಮ ರಕ್ತದಲ್ಲಿಯೂ ಸಕ್ಕರೆ ಕಾಣಿಸಿಕೊಂಡು, ಊಟವನ್ನು ಹಿಡಿತಕ್ಕೆ ತಂದು, ಬೆಳಿಗ್ಗೆ ಐದಕ್ಕೆದ್ದು ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತಿ ಸುತ್ತಿ ನಾವು ಹದಿನೈದು ಕಿಲೋ ಇಳಿದಾಗ ಇದೇ ಪಾಡನ್ನು ಪಟ್ಟಿದ್ದೇವೆ. ನಮ್ಮವರಲ್ಲಿ ಮೈ ತುಂಬಿದವನೆಂದರೆ ಸುಖಿ, ಮೈ ಇಳಿದವನೆಂದರೆ ಕಷ್ಟದಲ್ಲಿದ್ದವನು. ಹೋಟೆಲಿನವನಿಗಂತೂ ಹೊಟ್ಟೆಯೇ ಒಂದು ಬೋರ್ಡು. ಬಡಕಲು ಶೇಟನ ಹೋಟೆಲಿನಲ್ಲಿ ರುಚಿಯಿದ್ದೀತೆಂದು ಯಾರು ನಂಬುತ್ತಾರೆ? ನಾವು ಇಳಿದ ವರ್ಷ ಊರಿನ ಜಾತ್ರೆಗೆ ಹೋದಾಗ, ಹೋಟೆಲು ಮುಳುಗಿತೆಂದು ಎರಡು ಗ್ರಾಮಗಳಲ್ಲಿ ಸುದ್ದಿಯಾಯಿತು. ಕಾರಣ ನಮ್ಮ ದೇಹವಲ್ಲ, ನಮ್ಮ ಅಂಗಿ. ಅದೇ ದೇಹಕ್ಕೆ ಸರಿಯಾಗಿ ಕೂರುವ ಅಂಗಿ ತೊಟ್ಟು ಮರುವರ್ಷ ಹೋದಾಗ, "ಏನು ಮಾರಾಯರೆ, ಪ್ರಾಯ ಹತ್ತು ವರ್ಷ ಕಡಿಮೆಯಾದ ಹಾಗೆ ಕಾಣುತ್ತದಲ್ಲ!" ಎಂದರು. ತೂಕ ಆಗಲೂ ಈಗಲೂ ೬೯ ಕಿಲೋ.

ಪಂಚೆ ಉಡುತ್ತಿದ್ದ ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಹೊಲಿಗೆಯಿಲ್ಲದ ಬಟ್ಟೆಗೆ ಅಳತೆಯ ಹಂಗಿಲ್ಲ; ಮೈ ಇಳಿದರೆ ಒಂದು ಮಡಿಕೆ ಹೆಚ್ಚು, ಏರಿದರೆ ಒಂದು ಮಡಿಕೆ ಕಡಿಮೆ. ಇಂದಿಗೂ ಅಡಿಗೆಯ ಭಟ್ಟರು ಸೊಂಟಕ್ಕೆ ಬಿಗಿದ ಪಂಚೆಯಲ್ಲಿ ನಿರಾಳವಾಗಿ ಇದ್ದಾರೆ. ಸೀರೆಯೂ ಹಾಗೆಯೇ. ಕುಪ್ಪಸಕ್ಕೆ ಮಾತ್ರ ಅಳತೆ ಬೇಕು. ಆದರೆ ನಮ್ಮ ಹೆಂಗಸರು ಜಾಣೆಯರು. ಕುಪ್ಪಸದ ಪಕ್ಕೆಯೊಳಗೆ ಬಟ್ಟೆ ಬಿಡಿಸಿ ಎರಡು ಮೂರು ಸಾಲು ಹೊಲಿಗೆ ಹಾಕಿಸಿಕೊಳ್ಳುತ್ತಾರೆ. ಮೈ ಏರಿದರೆ ಒಂದು ಸಾಲು ಬಿಚ್ಚಿದರಾಯಿತು, ಇಳಿದರೆ ಇನ್ನೊಂದು ಸಾಲು ಹಾಕಿದರಾಯಿತು. ಗಂಡಸರಾದ ನಾವು ಸಿದ್ಧ ಉಡುಪಿನ ಅಂಗಡಿಗೆ ಹೋಗಿ, ೩೮ ಎಂದೋ ೪೦ ಎಂದೋ ಒಂದು ಅಂಕಿಯನ್ನು ಹೇಳಿ, ಕೊಟ್ಟುದನ್ನು ತೊಟ್ಟು ಬರುತ್ತೇವೆ.

ಆದರೆ ನಾವು ಇಂದು ಲೇಖನಿ ಹಿಡಿದದ್ದು ಗುಮಾಸ್ತರ ಪ್ಯಾಂಟಿಗಾಗಿ ಮಾತ್ರವಲ್ಲ. ಗುಮಾಸ್ತನು ತನ್ನ ಬಟ್ಟೆಯನ್ನು ತಾನು ಆರಿಸಿಕೊಳ್ಳುತ್ತಾನೆ. ಹೋಟೆಲಿನ ಕೆಲಸಗಾರನಿಗೆ ಆ ಸ್ವಾತಂತ್ರ್ಯವೂ ಇಲ್ಲ. ಅವನಿಗೆ ಯುನಿಫಾರ್ಮು ಕೊಡುವವನು ಮಾಲಕ. ನಾವು ಮಾಲಕರಾಗಿದ್ದಾಗ ಅದನ್ನು ಹೇಗೆ ಕೊಡುತ್ತಿದ್ದೆವೆಂಬುದನ್ನು ಮುಚ್ಚಿಡದೆ ಹೇಳುತ್ತೇವೆ. ದೀಪಾವಳಿಗೆ ಮುಂಚೆ ಸಗಟಿನ ಪೇಟೆಗೆ ಹೋಗಿ, ಇಪ್ಪತ್ತು ಜನರಿಗೆ ನಲವತ್ತು ಜೊತೆ ತರುತ್ತಿದ್ದೆವು. ಅದರಲ್ಲಿ ಮೂರು ಪಾಲು ದೊಡ್ಡ ಅಳತೆಯವು. ದೊಡ್ಡದು ಎಲ್ಲರಿಗೂ ಆಗುತ್ತದೆ, ಚಿಕ್ಕದು ಎಲ್ಲರಿಗೂ ಆಗುವುದಿಲ್ಲ ಎಂಬುದು ನಮ್ಮ ಗಣಿತ. ಕೆಲಸ ಬಿಟ್ಟವನ ಅಂಗಿಯನ್ನು ಒಗೆಸಿ ಉಗ್ರಾಣದ ಚೀಲಕ್ಕೆ ಹಾಕುತ್ತಿದ್ದೆವು, ಹೊಸದಾಗಿ ಬಂದವನಿಗೆ ಆ ಚೀಲದಿಂದ ತೆಗೆದು ಕೊಡುತ್ತಿದ್ದೆವು. ಜೇಬಿನ ಮೇಲೆ ಹೋಟೆಲಿನ ಹೆಸರು ನೆಟ್ಟಗೆ ಕಂಡರೆ ಸಾಕು, ಒಳಗಿನ ಮನುಷ್ಯನಿಗೆ ಅದು ಹೇಗೆ ಕೂತಿದೆಯೆಂದು ನೋಡಿದವರಲ್ಲ.

೨೦೧೪ರ ಮಳೆಗಾಲದ ಮಾತು. ಹೆಬ್ರಿಯ ಕಡೆಯ ಒಬ್ಬ ಹುಡುಗ ನಮ್ಮಲ್ಲಿ ಹಿಟ್ಟು ರುಬ್ಬುವ ಕೆಲಸದಲ್ಲಿದ್ದ. ಅವನಿಗೆ ಕ್ಷಯ ಬಂದು, ಊರಿಗೆ ಹೋಗಿ ಆರು ತಿಂಗಳ ಔಷಧಿಯನ್ನು ಒಂದು ದಿನವೂ ತಪ್ಪಿಸದೆ ನುಂಗಿ, ಗುಣವಾಯಿತೆಂದು ಡಾಕ್ಟರರ ಚೀಟಿ ಹಿಡಿದು ಮರಳಿ ಬಂದ. ರೋಗ ಹೋಗಿತ್ತು, ಹೋದ ಮೈ ಬಂದಿರಲಿಲ್ಲ. ಅವನದೇ ಹಳೆಯ ಅಂಗಿಯನ್ನು ಕೊಟ್ಟೆವು. ಎರಡು ದಿನ ಬಿಟ್ಟು ಗಲ್ಲೆಯ ಬಳಿ ಬಂದು ನಿಂತ.

"ಧಣಿ, ಈ ಅಂಗಿ ನನಗೆ ದೊಡ್ಡದಾಗ್ತದೆ. ಬೇರೆ ಉಂಟಾ?"

"ದೀಪಾವಳಿಗೆ ಹೊಸದು ಬರ್ತದೆ ಮಾರಾಯ, ಅಲ್ಲಿವರೆಗೆ ಸುಧಾರಿಸು" ಎಂದೆವು. ಆಗ ಅಂಗಿಯನ್ನು ಎರಡೂ ಪಕ್ಕೆ ಹಿಡಿಸಲು ದರ್ಜಿ ಕೇಳುತ್ತಿದ್ದುದು ಮೂವತ್ತು ರೂಪಾಯಿ.

ಅವನು ಬೆನ್ನಿಗೆ ಒಂದು ಪಿನ್ನು ಚುಚ್ಚಿ ಸುಧಾರಿಸಿಕೊಂಡ. ಅದು ಬಿಚ್ಚಿಹೋದ ಒಂದು ಬೆಳಿಗ್ಗೆ, ಗ್ರೈಂಡರಿನಿಂದ ಹಿಟ್ಟು ಬಳಿಯಲು ಬಗ್ಗಿದಾಗ ಅಂಗಿಯ ಸಡಿಲು ಸೆರಗು ಪಕ್ಕದ ಬೆಲ್ಟಿಗೆ ಸಿಕ್ಕಿತು. ಬೆಲ್ಟಿನ ಮೇಲಿನ ತಗಡಿನ ಮುಚ್ಚಳವನ್ನು ಹಿಂದಿನ ತಿಂಗಳು ರಿಪೇರಿಗೆಂದು ತೆಗೆಸಿ ಮತ್ತೆ ಹಾಕಿಸದೆ ಇದ್ದವರೂ ನಾವೇ. ದೋಸೆಯ ಕಾವಲಿಯ ಬಳಿ ಇದ್ದವನು ಹಾರಿ ಹೋಗಿ ಸ್ವಿಚ್ಚು ಆರಿಸದಿದ್ದರೆ ಏನಾಗುತ್ತಿತ್ತೆಂದು ಬರೆಯಲು ಕೈ ಬರುವುದಿಲ್ಲ. ಅಂಗಿ ಕೊರಳವರೆಗೆ ಹರಿಯಿತು, ಎಡಗೈಯ ಎರಡು ಬೆರಳುಗಳ ಉಗುರು ಹೋಯಿತು, ಪಕ್ಕೆಯ ಚರ್ಮ ಸುಲಿಯಿತು. ಆಸ್ಪತ್ರೆಗೆ ಕರೆದೊಯ್ಯುವಾಗ ಟ್ಯಾಕ್ಸಿಯಲ್ಲಿ ಅವನು ನಮ್ಮ ಮೇಲೆ ಕೂಗಾಡಲಿಲ್ಲ. "ಅಂಗಿ ಹರಿದುಹೋಯಿತಲ್ಲ ಧಣಿ" ಎಂದ. ಸಂಬಳದಿಂದ ಹಿಡಿದುಕೊಳ್ಳುತ್ತೇವೆಂದು ಅವನ ಅಂಜಿಕೆ. ಅಂಥ ರೂಢಿ ನಮ್ಮ ಹೋಟೆಲಿನಲ್ಲಿತ್ತು.

ಉಡುಪು ಸಡಿಲವಾಗಿದ್ದರೆ ಪ್ರಾಣಕ್ಕೆ ಅಪಾಯವೆಂಬುದು ಹೊಸ ಶೋಧವೇನಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯನ್ನು ಬರೆದವರು ಅದನ್ನು ಬಲ್ಲವರಾಗಿದ್ದರು. ತಿರುಗುತ್ತಿರುವ ಯಂತ್ರವನ್ನು ಪರೀಕ್ಷಿಸುವ, ಎಣ್ಣೆ ಬಿಡುವ ಕೆಲಸಗಾರನು ಮೈಗೆ ಬಿಗಿಯಾಗಿ ಕೂರುವ ಬಟ್ಟೆಯನ್ನು ತೊಟ್ಟಿರಬೇಕು, ಆ ಬಟ್ಟೆಯನ್ನು ಕಾರ್ಖಾನೆಯವನೇ ಒದಗಿಸಬೇಕು ಎಂದು ಅದರ ೨೨ನೆಯ ಕಲಮು ವಿಧಿಸಿತ್ತು. ಆ ಕಾಯಿದೆಯ ಸ್ಥಾನಕ್ಕೆ ೨೦೨೫ರ ನವೆಂಬರಿನಲ್ಲಿ ಹೊಸ ಸಂಹಿತೆ ಜಾರಿಗೆ ಬಂತು. ನಮ್ಮ ಹೋಟೆಲುಗಳು ಕಾರ್ಖಾನೆಗಳಲ್ಲವೆಂದು ವಕೀಲರು ಹೇಳಬಹುದು. ಹೇಳಲಿ. ಗ್ರೈಂಡರಿನ ಬೆಲ್ಟಿಗೆ ವಕೀಲರ ವಾದ ಕೇಳಿಸುವುದಿಲ್ಲ. ಗ್ಯಾಸಿನ ಒಲೆಯ ಬೆಂಕಿಗೂ ಇಲ್ಲ. ಕಾವಲಿಯ ಮೇಲೆ ಕೈಯಾಡಿಸುವವನ ತೋಳು ಮೊಣಕೈಯ ಕೆಳಗೆ ಜೋಲುತ್ತಿದ್ದರೆ ಏನಾಗಬಹುದೆಂಬುದು ಅಡಿಗೆಮನೆಯಲ್ಲಿ ನಿಂತವರಿಗೆ ಗೊತ್ತು. ಇನ್ನು ಪಿನ್ನಿನ ಮಾತು: ಅದು ಬಿಚ್ಚಿ ಸಾಂಬಾರಿನ ಪಾತ್ರೆಗೆ ಬಿದ್ದರೆ, ಗಿರಾಕಿಯ ಬಾಯಿಗೆ ಸಿಕ್ಕಮೇಲೆಯೇ ಅದರ ಪತ್ತೆ.

ಆದುದರಿಂದ ನಮ್ಮ ಹಳೆಯ ಸಮವ್ಯವಸಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಆಹಾರ ಸುರಕ್ಷೆಯ ೨೦೧೧ರ ನಿಯಮಾವಳಿಯ ನಾಲ್ಕನೆಯ ಅನುಸೂಚಿಯಂತೆ, ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ ಮಾಡಿಸತಕ್ಕದ್ದು. ಹೇಗೂ ಮಾಡಿಸುತ್ತೀರಿ, ಅಥವಾ ಮಾಡಿಸಿದಂತೆ ಕಾಗದ ಇಟ್ಟುಕೊಳ್ಳುತ್ತೀರಿ. ನಿಜವಾಗಿ ಮಾಡಿಸುವ ಆ ದಿನದಂದೇ ಬೀದಿಯ ದರ್ಜಿಯನ್ನೂ ಕರೆಸಿರಿ. ಡಾಕ್ಟರು ತೂಕ ಬರೆದುಕೊಳ್ಳಲಿ, ದರ್ಜಿ ಎದೆ, ನಡು, ತೋಳು ಬರೆದುಕೊಳ್ಳಲಿ. ಇಪ್ಪತ್ತು ಜನರಲ್ಲಿ ಆರು ಜನರ ಅಂಗಿ ಸರಿಪಡಿಸಬೇಕೆಂದು ಬಂದರೆ, ತಲೆಗೆ ಎರಡರಂತೆ ಹನ್ನೆರಡು ಅಂಗಿ. ಒಂದಕ್ಕೆ ನೂರು ರೂಪಾಯಿ ಎಂದರೂ ಸಾವಿರದ ಇನ್ನೂರು. ಹೋಟೆಲಿನ ಒಂದು ದಿನದ ಹಾಲಿನ ಲೆಕ್ಕದಲ್ಲಿ ಇದು ಕಣ್ಣಿಗೂ ಕಾಣದು. ಇದನ್ನು ಸಂಬಳದಿಂದ ಹಿಡಿಯಬೇಡಿ. ಯುನಿಫಾರ್ಮಿನ ಮೇಲೆ ಇರುವುದು ನಿಮ್ಮ ಹೋಟೆಲಿನ ಹೆಸರು, ಅವನ ಹೆಸರಲ್ಲ.

ಕೆಲಸಗಾರ ಬಂಧುಗಳಿಗೂ ಒಂದು ಮಾತು ಹೇಳುವುದಿದೆ. ಮೈ ಏಕೆ ಇಳಿಯಿತೆಂಬುದು ತಿಳಿಯದೆ ಇಳಿಯುತ್ತಿದ್ದರೆ ದರ್ಜಿಯ ಅಂಗಡಿಗಿಂತ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತಿರಿ. ಪ್ರಯತ್ನಪಟ್ಟು ಇಳಿಸಿದ ತೂಕ ಬೇರೆ, ತಾನಾಗಿ ಇಳಿದ ತೂಕ ಬೇರೆ. ಕ್ಷಯ, ಸಕ್ಕರೆ ಕಾಯಿಲೆ, ಇವೆರಡೂ ಮೊದಲು ಮುಟ್ಟುವುದು ಬೆಲ್ಟಿನ ತೂತನ್ನೇ ಎಂದರೂ ಸಲ್ಲುತ್ತದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಇಲ್ಲವೆ ತಡೆಯಲಾರದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ಇವುಗಳ ಜೊತೆ ಬೆಲ್ಟು ಸಡಿಲಾದರೆ ತಡಮಾಡಬೇಡಿ. ಕ್ಷಯದ ಪರೀಕ್ಷೆ, ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಔಷಧಿಯ ಅವಧಿಯಲ್ಲಿ ಆಹಾರಕ್ಕೆಂದು ಸರಕಾರ ೨೦೧೮ರಿಂದ ತಿಂಗಳಿಗೆ ಕೊಡುತ್ತಿದ್ದ ೫೦೦ ರೂಪಾಯಿ ೨೦೨೪ರ ನವೆಂಬರಿನಿಂದ ಸಾವಿರವಾಗಿದೆ. ಕೆಲಸ ಹೋದೀತೆಂದು ಮುಚ್ಚಿಟ್ಟವರನ್ನು ನಾವು ಕಂಡಿದ್ದೇವೆ, ಅವರ ಕೋಣೆಯ ಸಂಗಾತಿಗಳನ್ನೂ ಕಂಡಿದ್ದೇವೆ.

ಗುಮಾಸ್ತ ಬಂಧುಗಳು ನಡುವಿನ ಅಳತೆಯ ವಿಷಯದಲ್ಲಿ ಮೋಸಹೋಗುವುದುಂಟು. ಭಾರತೀಯ ಗಂಡಸಿನ ನಡು ೯೦ ಸೆಂಟಿಮೀಟರು, ಹೆಂಗಸಿನ ನಡು ೮೦ ಸೆಂಟಿಮೀಟರು ಮುಟ್ಟಿದರೆ ಎಚ್ಚರವಾಗಬೇಕೆಂಬುದು ನಮ್ಮ ವೈದ್ಯರು ಒಪ್ಪಿದ ಅಳತೆ. ೯೦ ಸೆಂಟಿಮೀಟರೆಂದರೆ ಸುಮಾರು ಮೂವತ್ತೈದೂವರೆ ಅಂಗುಲ. "ನನ್ನ ಪ್ಯಾಂಟು ೩೬, ಅರ್ಧ ಅಂಗುಲವಷ್ಟೆ ಹೆಚ್ಚು" ಎಂದು ಸಮಾಧಾನಪಡಬೇಡಿ. ಡಾಕ್ಟರು ಅಳೆಯುವುದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ. ನಾವು ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ. ೩೬ರ ಪ್ಯಾಂಟಿನ ಮೇಲೆ ೪೦ರ ಹೊಟ್ಟೆ ಕುಳಿತಿರುವುದನ್ನು ಲೋಕಲ್ ಗಾಡಿಯಲ್ಲಿ ಬೇಕಾದಷ್ಟು ಕಾಣಬಹುದು. ಹೊಟ್ಟೆ ಕರಗಿದ ಮೇಲೆ ಪ್ಯಾಂಟು ಅದರ ನಿಜವಾದ ಸ್ಥಾನಕ್ಕೆ, ನಡುವಿಗೆ, ಏರುತ್ತದೆ. ಆಗ ನಡುವಿನಲ್ಲಿ ಸಡಿಲು, ಕಾಲಿನಲ್ಲಿ ಗಿಡ್ಡ! ಅದಕ್ಕೇ ತೂಕ ಇಳಿದವನು ಹಳೆಯ ಅಂಕಿಯಿಂದ ಎರಡು ಕಳೆದು ಹೊಸ ಪ್ಯಾಂಟು ಕೊಂಡರೆ ಕೆಡುತ್ತಾನೆ. ತೊಟ್ಟು, ಕುಳಿತು, ಎದ್ದು ನೋಡದೆ ಕೊಳ್ಳಬಾರದು.

ಮಾಟುಂಗದಲ್ಲಿ ನಮ್ಮ ಮನೆಯ ಹತ್ತಿರ ಒಂದು ಚಾಳಿನ ಮೆಟ್ಟಿಲ ಕೆಳಗೆ, ಯಂತ್ರವೊಂದು ಮತ್ತು ಸ್ಟೂಲೊಂದು ಹಿಡಿಸುವಷ್ಟು ಜಾಗದಲ್ಲಿ, ಉತ್ತರ ಪ್ರದೇಶದ ಒಬ್ಬ ಮಾಸ್ತರರು ಕುಳಿತಿದ್ದಾರೆ. ಹೊಸದು ಹೊಲಿಯುವುದಿಲ್ಲ, ಹಳೆಯದನ್ನು ಸರಿಪಡಿಸುವುದೇ ಅವರ ಉದ್ಯೋಗ. ನಮ್ಮ ಎಂಟು ಪ್ಯಾಂಟುಗಳನ್ನು ಕಟ್ಟಿಕೊಂಡು ಹೋದ ದಿನ ಅವರು ನಮಗೆ ಹೇಳಿಕೊಟ್ಟ ಪಾಠ ಸಿದ್ಧ ಉಡುಪಿನ ಯಾವ ಅಂಗಡಿಯವನೂ ಹೇಳಿಕೊಡಲಾರನು. ಪ್ಯಾಂಟಿನ ಹಿಂಬದಿಯ ನಡುಹೊಲಿಗೆಯನ್ನು ಬಿಚ್ಚಿ ಒಂದೂವರೆ, ಎರಡು ಅಂಗುಲದವರೆಗೆ ಹಿಡಿಯಬಹುದು. ಅದಕ್ಕಿಂತ ಹೆಚ್ಚು ಹಿಡಿದರೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಮುತ್ತಿಡುತ್ತವೆ, ಪಕ್ಕದ ಹೊಲಿಗೆ ಹಿಂದಕ್ಕೆ ಜಗ್ಗುತ್ತದೆ. ನಡು ಹಿಡಿದರೆ ಸಾಲದು, ತೊಡೆಯನ್ನೂ ಹಿಡಿಯಬೇಕು. ಇಲ್ಲದಿದ್ದರೆ ಮೇಲೆ ಪ್ಯಾಂಟು, ಕೆಳಗೆ ಪಾಯಿಜಾಮ. ಅಂಗಿಯ ಪಕ್ಕೆ, ತೋಳಿನ ಅಗಲ, ಉದ್ದ ಇವು ಸುಲಭದ ಕೆಲಸ. ಹೆಗಲು ಕಷ್ಟ: ಹೆಗಲ ಹೊಲಿಗೆ ತೋಳಿನ ಮೇಲೆ ಒಂದು ಅಂಗುಲಕ್ಕಿಂತ ಹೆಚ್ಚು ಇಳಿದಿದ್ದರೆ ತೋಳನ್ನೇ ಕಳಚಿ ಮತ್ತೆ ಕೂಡಿಸಬೇಕು, ಕೂಲಿ ಹೊಸ ಅಂಗಿಯ ಅರ್ಧಕ್ಕೆ ಬರುತ್ತದೆ. ಕೊರಳಪಟ್ಟಿ ದೊಡ್ಡದಾಗಿದ್ದರೆ ಆಸೆ ಬಿಡಿ. ನಮ್ಮ ಎಂಟರಲ್ಲಿ ಐದು ಬದುಕಿದವು. ಉಳಿದ ಮೂರನ್ನು ನಮ್ಮ ಮನೆಯವರು ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸಿಗೆ ಕೊಟ್ಟು, ಬಹಳ ಹೊತ್ತು ಚೌಕಾಶಿ ಮಾಡಿ, ಒಂದು ಸ್ಟೀಲಿನ ಡಬ್ಬಿ ಪಡೆದರು. ಅದರಲ್ಲಿ ಈಗ ನಮ್ಮ ಸಿರಿಧಾನ್ಯವಿದೆ.

ಕಾಲದ ವಿಷಯವನ್ನೂ ಮಾಸ್ತರರು ಹೇಳಿದರು. ಇಳಿಯುತ್ತಿರುವಾಗ ಎಲ್ಲವನ್ನೂ ಹಿಡಿಸಬಾರದು. ಕೆಲಸಕ್ಕೆ ಸಾಕಾಗುವಷ್ಟು, ಎರಡು ಜೊತೆ ಹಿಡಿಸಿ, ಮೂರು ತಿಂಗಳು ತೂಕ ಒಂದೇ ಕಡೆ ನಿಂತ ಮೇಲೆ ಉಳಿದುದನ್ನು ತರಬೇಕು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಿಗಳು ೨೦೨೫ರಲ್ಲಿ ನಮ್ಮ ಪೇಟೆಗೆ ಬಂದ ಮೇಲೆ, ದೊಡ್ಡ ಕಂಪನಿಗಳ ಸಾಹೇಬರು ಎರಡೆರಡು ತಿಂಗಳಿಗೊಮ್ಮೆ ಸೂಟು ಹಿಡಿಸಲು ಬರುತ್ತಾರಂತೆ. ಅದು ನಮ್ಮ ಓದುಗರ ಮಾತಲ್ಲ, ಬಿಡಿ. ಎಲ್ಲಕ್ಕಿಂತ ಮುಖ್ಯವಾದುದು: ಹಿಡಿದ ಮೇಲೆ ಒಳಗೆ ಉಳಿದ ಬಟ್ಟೆಯನ್ನು ಕತ್ತರಿಸಕೂಡದು. ಅವಸರದ ದರ್ಜಿ ಕತ್ತರಿ ಆಡಿಸಿಬಿಡುತ್ತಾನೆ; ಮೊದಲೇ ಹೇಳಿರಬೇಕು. ತೂಕ ಮರಳುವ ಭಯವಿದ್ದ ಗುಮಾಸ್ತನಿಗೂ, ಮೈ ಮರಳಬೇಕೆಂದು ಕಾಯುವ ರೋಗಮುಕ್ತನಿಗೂ ಆ ಎರಡು ಅಂಗುಲ ಬೇಕಾದೀತು.

ಹೆಬ್ರಿಯ ಹುಡುಗ ನಮ್ಮಲ್ಲಿ ಮತ್ತೆ ಒಂದು ವರ್ಷ ಇದ್ದ. ಅವನ ಅಂಗಿಯನ್ನು ನಾವೇ ದರ್ಜಿಯ ಬಳಿಗೆ ಒಯ್ದು ಹಿಡಿಸಿದೆವು. ಗ್ರೈಂಡರಿನ ಮುಚ್ಚಳ ಅದೇ ದಿನ ಹಾಕಿಸಿದೆವು. ಎರಡೂ ಒಂದು ತಿಂಗಳು ತಡ. ಈಗ ಅವನು ಪುಣೆಯಲ್ಲಿ ಸ್ವಂತ ಗಾಡಿ ಇಟ್ಟಿದ್ದಾನೆ, ಮೈ ತುಂಬಿಕೊಂಡಿದ್ದಾನೆ. ಆ ಎರಡು ಉಗುರುಗಳು ನೆಟ್ಟಗೆ ಬೆಳೆಯಲಿಲ್ಲ. ಕೈಗೆ ಕಪ್ಪು ಕೊಡುವಾಗ ನಮಗೆ ಕಾಣುತ್ತದೆ.

ಸೋಮವಾರ ಬಂದ ಗುಮಾಸ್ತರನ್ನು ನಾವು ಅಂದೇ ಸಂಜೆ ಮಾಸ್ತರರ ಮೆಟ್ಟಿಲ ಕೆಳಗೆ ಕರೆದೊಯ್ದೆವು. ಮೂರು ಪ್ಯಾಂಟಿಗೆ ೩೬೦ ರೂಪಾಯಿ, ಎರಡು ಅಂಗಿಗೆ ೧೬೦. ಗುರುವಾರ ಅದನ್ನೇ ತೊಟ್ಟು ಜಾಹೀರಾತಿನ ರಸೀದಿ ಒಯ್ಯಲು ಬಂದಿದ್ದರು. ಮ್ಯಾನೇಜರು ಏನೆಂದರೆಂದು ಕೇಳಿದೆವು. "ಏನೂ ಅನ್ನಲಿಲ್ಲ. ಹಳೆಯ ಕಡತಗಳೆಲ್ಲ ಮತ್ತೆ ನನ್ನ ಮೇಜಿಗೆ ಬಂದವು" ಎಂದರು. ಬೆಲ್ಟು ಮಾತ್ರ ಹಳೆಯದೇ. ಅದರ ಗೇಣುದ್ದದ ತುದಿ ಇನ್ನೂ ಪಕ್ಕದಲ್ಲಿ ನೇತಾಡುತ್ತಿತ್ತು.